ಸ್ಟೀಲರ್ಸ್ ಹೆಲ್ಮೆಟ್ ಲೋಗೋ ಒಂದೇ ಕಡೆ ಯಾಕೆ? ಆರು ಸೂಪರ್ ಬೌಲ್ ಕಥೆ ಗೊತ್ತಿರೋರು ಬನ್ನಿ

ಕೊಪ್ಪದ_ಹುಡುಗ

ಎಲ್ಲರಿಗೂ ನಮಸ್ಕಾರ. ಅಮೆರಿಕನ್ ಫುಟ್‌ಬಾಲ್ ನೋಡೋಕೆ ಇತ್ತೀಚೆಗೆ ಶುರು ಮಾಡಿದೀನಿ, ಆಫೀಸಲ್ಲಿ ಜೊತೆಗಿರೋರು ಪಿಟ್ಸ್‌ಬರ್ಗ್ ಸ್ಟೀಲರ್ಸ್ ಫ್ಯಾನ್, ಅವರ ಜೊತೆ ಮ್ಯಾಚ್ ನೋಡ್ತಾ ನೋಡ್ತಾ ನಂಗೂ ಆ ಟೀಮೇ ಹಿಡಿಸಿಬಿಡ್ತು. ಒಂದು ವಿಷ್ಯ ಮಾತ್ರ ಅರ್ಥ ಆಗ್ತಿಲ್ಲ. ಆಟಗಾರನ್ನ ಬಲಗಡೆಯಿಂದ ತೋರಿಸಿದ್ರೆ ಹೆಲ್ಮೆಟ್ ಮೇಲೆ ಬಿಳಿ ವೃತ್ತ, ಅದರೊಳಗೆ ಮೂರು ಬಣ್ಣದ ನಕ್ಷತ್ರದ ಥರದ್ದು, ಪಕ್ಕದಲ್ಲಿ ಟೀಮ್ ಹೆಸರು ಎಲ್ಲಾ ಇರುತ್ತೆ, ಎಡಗಡೆಯಿಂದ ತೋರಿಸಿದ್ರೆ ಬರೀ ಕಪ್ಪು. ಬೇರೆ ಯಾವ ಟೀಮಿಗೂ ಹೀಗಿಲ್ಲ ಅಲ್ವಾ? ಇನ್ನೊಂದು, ಇವರದ್ದು ಆರು ಸೂಪರ್ ಬೌಲ್ (ಲೀಗಿನ ಫೈನಲ್) ಅಂತಾರೆ, ಆದ್ರೆ ಗ್ರೀನ್ ಬೇ ಪ್ಯಾಕರ್ಸ್ ಫ್ಯಾನ್ ಒಬ್ರು ನಮ್ದು 13 ಚಾಂಪಿಯನ್‌ಶಿಪ್ ಅಂತಾರೆ. ಯಾವ ಲೆಕ್ಕ ಹಿಡೀಬೇಕು?

ಮೂರು_ನದಿ_ಊರು

ಪಿಟ್ಸ್‌ಬರ್ಗಲ್ಲೇ ಇರೋನು ನಾನು, ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲು ಲೋಗೋ. ಅದು ಟೀಮಿನೋರು ತಮಗೆ ಅಂತ ಮಾಡಿಸಿಕೊಂಡಿದ್ದೇ ಅಲ್ಲ. ಅಮೆರಿಕದ ಉಕ್ಕಿನ ಉದ್ಯಮದ ಗುರುತು ಅದು, ಸ್ಟೀಲ್‌ಮಾರ್ಕ್ ಅಂತ ಹೆಸರು. ಯು.ಎಸ್. ಸ್ಟೀಲ್ ಕಂಪನಿ ಮಾಡಿಸಿದ್ದು, ಆಮೇಲೆ ಇಡೀ ಉದ್ಯಮಕ್ಕೆ ಇರಲಿ ಅಂತ ಅಮೆರಿಕನ್ ಐರನ್ ಅಂಡ್ ಸ್ಟೀಲ್ ಇನ್‌ಸ್ಟಿಟ್ಯೂಟ್ ಕೈಗೆ ಹೋಯ್ತು. 1962ರಲ್ಲಿ ರಿಪಬ್ಲಿಕ್ ಸ್ಟೀಲ್ ಅನ್ನೋ ಕಂಪನಿಯೋರು ಸ್ಟೀಲರ್ಸ್ ಹತ್ರ ಬಂದು ಇದನ್ನ ಹೆಲ್ಮೆಟ್ ಮೇಲೆ ಹಾಕ್ಕೊಳ್ಳಿ, ಉಕ್ಕಿನ ಊರಿಗೆ ಗೌರವ ಕೊಟ್ಟಹಾಗೆ ಇರುತ್ತೆ ಅಂತ ಹೇಳಿದ್ರು. ಆ ಕಂಪನಿ ಇದ್ದಿದ್ದು ಕ್ಲೀವ್‌ಲ್ಯಾಂಡಲ್ಲಿ, ಅಂದ್ರೆ ಸ್ಟೀಲರ್ಸ್‌ಗೆ ಬದ್ಧ ಎದುರಾಳಿ ಆಗಿರೋ ಬ್ರೌನ್ಸ್ ಟೀಮಿನ ಊರು.

ಆಗ ಇವರ ಹೆಲ್ಮೆಟ್ ಪೂರ್ತಿ ಚಿನ್ನದ ಬಣ್ಣದ್ದು. ಅದರ ಮೇಲೆ ಈ ಲೋಗೋ ಹೇಗೆ ಕಾಣುತ್ತೋ ಏನೋ ಅಂತ ಅನುಮಾನ ಇತ್ತು, ಅದಕ್ಕೆ ಸಾಮಾನು ಸರಂಜಾಮು ನೋಡ್ಕೋತಿದ್ದ ಜ್ಯಾಕ್ ಹಾರ್ಟ್ ಅವರಿಗೆ ಸದ್ಯಕ್ಕೆ ಬಲಗಡೆ ಮಾತ್ರ ಅಂಟಿಸಿ ಅಂದ್ರು. ಪರೀಕ್ಷೆಗೆ ಅಂತ ಮಾಡಿದ್ದು ಅಷ್ಟೇ. ಆದ್ರೆ ಆ ವರ್ಷ ಟೀಮು 9 ಗೆಲುವು 5 ಸೋಲು, ಅಲ್ಲೀವರೆಗೆ ಒಂದು ಸೀಸನ್ನಲ್ಲಿ ಅವರು ಅಷ್ಟು ಮ್ಯಾಚ್ ಗೆದ್ದಿರಲೇ ಇಲ್ಲ. ಎರಡನೇ ಸ್ಥಾನಕ್ಕೆ ಬಂದೋರಿಗೆ ಆಗ ಪ್ಲೇಆಫ್ ಬೌಲ್ ಅಂತ ಒಂದು ಮ್ಯಾಚ್ ಇರ್ತಿತ್ತು, ಡೆಟ್ರಾಯ್ಟ್ ಲಯನ್ಸ್ ಜೊತೆ ಆ ಮ್ಯಾಚಿಗೆ ಹೆಲ್ಮೆಟ್ಟನ್ನ ಕಪ್ಪು ಮಾಡಿದ್ರು, ಲೋಗೋ ಎದ್ದು ಕಾಣಲಿ ಅಂತ. ಮ್ಯಾಚ್ 17-10ಕ್ಕೆ ಸೋತ್ರು, ಕಪ್ಪು ಹೆಲ್ಮೆಟ್ ಮಾತ್ರ ಹಾಗೇ ಉಳೀತು. ಒಂದೇ ಕಡೆ ಯಾಕೆ ಹಾಕಿದಾರೆ ಅಂತ ಜನ ಕೇಳೋಕೆ ಶುರು ಮಾಡಿದ್ರು, ಹೀಗೆ ಹಾಕಿದಮೇಲೆ ಗೆಲುವೂ ಬಂದಿತ್ತು, ಇರಲಿ ಬಿಡಿ ಹೀಗೇ ಅಂತ ನಿರ್ಧಾರ ಮಾಡಿದ್ರು. ಮೊದಮೊದಲು ವೃತ್ತದೊಳಗೆ ಸ್ಟೀಲ್ ಅಂತ ಮಾತ್ರ ಇತ್ತು, 1963ರಲ್ಲಿ ಇನ್‌ಸ್ಟಿಟ್ಯೂಟ್‌ನ ಒಪ್ಪಿಗೆ ತಗೊಂಡು ಸ್ಟೀಲರ್ಸ್ ಅಂತ ಮಾಡಿಕೊಂಡ್ರು. ಹೌದು, ಎನ್‌ಎಫ್‌ಎಲ್‌ನಲ್ಲಿ ಅಂದ್ರೆ ಈ ಆಟದ ಅಮೆರಿಕದ ಲೀಗಿನಲ್ಲಿ, ಒಂದೇ ಬದಿಗೆ ಲೋಗೋ ಇರೋ ಟೀಮ್ ಇದೊಂದೇ.

ಇನ್ನು ಲೆಕ್ಕ. ಇಬ್ಬರದ್ದೂ ಸರಿ. ಸೂಪರ್ ಬೌಲ್ ಶುರು ಆಗಿದ್ದು 1967ರ ಜನವರಿಯಲ್ಲಿ, ಅದಕ್ಕೂ ಮುಂಚೆ ಎನ್‌ಎಫ್‌ಎಲ್ ಚಾಂಪಿಯನ್‌ಶಿಪ್ ಅಂತ ನಡೀತಿತ್ತು. ಪ್ಯಾಕರ್ಸ್‌ದು ಅದೂ ಇದೂ ಸೇರಿ 13, ಅದರಲ್ಲಿ ಸೂಪರ್ ಬೌಲ್ ನಾಲ್ಕು. ಸ್ಟೀಲರ್ಸ್‌ಗೆ ಹಳೇದು ಒಂದೂ ಇಲ್ಲ, ಆರಕ್ಕೆ ಆರೂ ಸೂಪರ್ ಬೌಲೇ.

ಹುಬ್ಳಿ_ಮಂದಿ

ಚೊಲೋ ಬರದೀರಿ ಅಣ್ಣಾರ. ಆ ಮೂರು ಬಣ್ಣದ ಚಿಕ್ಕಿ ಅದಾವಲ್ಲ, ಹಳದಿ, ಕೆಂಪು, ನೀಲಿ, ಅವಕ್ಕ ಏನರ ಅರ್ಥ ಐತೇನ್ರಿ? ಟೀಮಿನ ಜರ್ಸಿ ನೋಡಿದ್ರ ಕರಿದು ಮತ್ತ ಹಳದಿ ಅಷ್ಟ ಐತಿ, ಕೆಂಪು ನೀಲಿ ಎಲ್ಲೂ ಇಲ್ಲ. ಹಂಗಾದ್ರ ಲೋಗೋದಾಗ ಮಾತ್ರ ಯಾಕ ಬಂದ್ವು?

ಮೂರು_ನದಿ_ಊರು

ಟೀಮಿನ ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ ಅಣ್ಣ, ಅದು ಉಕ್ಕಿನ ಉದ್ಯಮದಿಂದ ಬಂದಿದ್ದಲ್ವಾ ಅದಕ್ಕೆ. ಮೊದಲು ಜಾಹೀರಾತಿಗೆ ಅಂತ ಹೇಳ್ತಿದ್ದಿದ್ದು ಬೇರೆ, ಉಕ್ಕು ನಿಮ್ಮ ಕೆಲಸ ಹಗುರ ಮಾಡುತ್ತೆ, ಬಿಡುವಿನ ಹೊತ್ತಿಗೆ ಕಳೆ ಕೊಡುತ್ತೆ, ನಿಮ್ಮ ಪ್ರಪಂಚ ದೊಡ್ಡದು ಮಾಡುತ್ತೆ, ಒಂದೊಂದಕ್ಕೆ ಒಂದೊಂದು ಬಣ್ಣ. ಆಮೇಲೆ ಅದನ್ನ ಉಕ್ಕು ಮಾಡೋ ಸಾಮಗ್ರಿಗೆ ಹೊಂದಿಸಿದ್ರು. ಹಳದಿ ಅಂದ್ರೆ ಕಲ್ಲಿದ್ದಲು, ಕೆಂಪು ಅಂದ್ರೆ ಕಬ್ಬಿಣದ ಅದಿರು, ನೀಲಿ ಅಂದ್ರೆ ಗುಜರಿ ಉಕ್ಕು. ನನ್ನ ಕೇಳಿದ್ರೆ ಎರಡನೇದೇ ಈ ಊರಿಗೆ ಸರಿಹೊಂದೋದು. ಇಲ್ಲಿಯ ನದಿ ಮೇಲೆ ದೊಡ್ಡ ದೊಡ್ಡ ದೋಣಿಲಿ ಕಲ್ಲಿದ್ದಲು ಬರ್ತಿತ್ತು, ದಂಡೆ ಉದ್ದಕ್ಕೂ ಕುಲುಮೆಗಳು, ಅಲ್ಲಿ ಶಿಫ್ಟಲ್ಲಿ ದುಡಿಯೋರೇ ಭಾನುವಾರ ಸ್ಟೇಡಿಯಂಗೆ ಬರ್ತಿದ್ದಿದ್ದು. ತಾವು ದಿನಾ ಕೈಲಿ ಹಿಡಿದು ಕೆಲಸ ಮಾಡೋ ವಸ್ತುವಿನ ಗುರುತು ಆಟಗಾರನ ತಲೆ ಮೇಲೆ ಇದೆ ಅಂದ್ರೆ ಅವರಿಗೆ ಹೇಗನಿಸಿರಬೇಕು ಯೋಚಿಸಿ. ಹುಲಿ, ಹದ್ದು, ಕುದುರೆ ಅಂತ ಎಷ್ಟೋ ಟೀಮಿಗೆ ಲೋಗೋ ಇದೆ, ಚೆನ್ನಾಗೂ ಇವೆ, ಆದ್ರೆ ಊರಿನ ದುಡಿಮೆಯನ್ನೇ ಹೀಗೆ ಹೊತ್ತುಕೊಂಡಿರೋ ಲೋಗೋ ನನ್ನ ಕಣ್ಣಿಗೆ ಇದೊಂದೇ.

ಕಡಲ_ತಡಿ

ನಾನು ಮಂಗಳೂರಿನವ, ಈಗ ಡಲ್ಲಾಸಲ್ಲಿ ಇರುವುದು, ಕೌಬಾಯ್ಸ್ ಟೀಮು ನಂದು. ಲೋಗೋ ಕಥೆ ಒಳ್ಳೇದುಂಟು, ಆದರೆ ಒಂದು ಮಾತು ಹೇಳ್ತೇನೆ, ಗುರುತಿಗೆ ಬೆಲೆ ಬರುವುದು ಕಪ್ ಗೆದ್ದ ಮೇಲೆಯೇ ಮಾರಾಯ್ರೆ. 1962ರಲ್ಲಿ ಹಾಕಿದ್ರಲ್ಲ, ಆಮೇಲೆ ಹತ್ತು ವರ್ಷ ಏನು ಗೆದ್ರು? ಏನಿಲ್ಲ. 70ರ ದಶಕದಲ್ಲಿ ನಮ್ಮನ್ನು ಎರಡು ಸಲ ಸೋಲಿಸಿದ ಮೇಲೆ ಅಲ್ವಾ ಅದು ಜಗತ್ತಿಗೆ ಗೊತ್ತಾದದ್ದು. 10ನೇ ಸೂಪರ್ ಬೌಲ್ 21-17, 13ನೇದು 35-31. ಆ 13ನೇ ಮ್ಯಾಚಲ್ಲಿ ಎಂಡ್ ಝೋನಲ್ಲಿ (ಮೈದಾನದ ತುದಿಯ ಸ್ಕೋರ್ ಮಾಡುವ ಜಾಗ) ಒಬ್ಬನೇ ನಿಂತಿದ್ದ ಜ್ಯಾಕಿ ಸ್ಮಿತ್ ಕೈಗೆ ಬಂದ ಬಾಲ್ ಬಿಟ್ಟರು, ಆರು ಪಾಯಿಂಟಿನ ಟಚ್‌ಡೌನ್ ಆಗಬೇಕಿದ್ದಲ್ಲಿ ಫೀಲ್ಡ್ ಗೋಲ್‌ನ ಮೂರೇ ಪಾಯಿಂಟ್. ಕೊನೆಗೆ ಸೋತದ್ದು ಎಷ್ಟಕ್ಕೆ? ನಾಲ್ಕು ಪಾಯಿಂಟಿಗೆ. ಇಲ್ಲಿ ಹಳೇ ಜನ ಇವತ್ತಿಗೂ ಅದನ್ನು ಹೇಳಿ ಬೇಜಾರು ಮಾಡ್ತಾರೆ. 1996ರಲ್ಲಿ 27-17ಕ್ಕೆ ಗೆದ್ದು ನಾವು ಒಂದನ್ನು ತೀರಿಸಿದ್ದೇವೆ.

ಮೂರು_ನದಿ_ಊರು

ಹತ್ತು ವರ್ಷ ಅಲ್ಲ ಸಾರ್, ನಲವತ್ತು ವರ್ಷ ಅನ್ನಿ. ಕಪ್ ಬಂದಮೇಲೆ ಬೆಲೆ ಬಂತು ಅನ್ನೋದನ್ನ ನಾನು ಪೂರ್ತಿ ಒಪ್ಪಲ್ಲ, ಯಾಕೆ ಅಂತ ಹೇಳ್ತೀನಿ.

1933ರಲ್ಲಿ ಆರ್ಟ್ ರೂನಿ ಈ ಟೀಮ್ ಕಟ್ಟಿದ್ದು. ಆಗ ಹೆಸರು ಪೈರೇಟ್ಸ್, ಊರಿನ ಬೇಸ್‌ಬಾಲ್ ಟೀಮಿನ ಹೆಸರೇ. 1940ರಲ್ಲಿ ಸ್ಟೀಲರ್ಸ್ ಆಯ್ತು. ಯುದ್ಧದ ಕಾಲದಲ್ಲಿ ಆಟಗಾರರೇ ಸಿಗದೆ 1943ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಜೊತೆ ಸೇರಿ ಒಂದೇ ಟೀಮಾಗಿ ಆಡಿದ್ರು, 1944ರಲ್ಲಿ ಕಾರ್ಡಿನಲ್ಸ್ ಜೊತೆ ಸೇರಿದ್ರು, ಆ ವರ್ಷ ಹತ್ತಕ್ಕೆ ಹತ್ತೂ ಸೋಲು. 1947ರಲ್ಲಿ ಒಂದ್ಸಲ ಪ್ಲೇಆಫ್, ಅಲ್ಲೂ 21-0 ಸೋಲು. 1955ರಲ್ಲಿ ಜಾನಿ ಯುನೈಟಸ್ ಅನ್ನೋ ಹುಡುಗನ್ನ ಡ್ರಾಫ್ಟಲ್ಲಿ (ಹೊಸ ಆಟಗಾರರನ್ನ ಟೀಮುಗಳು ಸರದಿ ಮೇಲೆ ಆರಿಸೋದು) ತಗೊಂಡು ಆಡಿಸದೇ ಬಿಟ್ಟುಬಿಟ್ರು, ಅವನು ಬಾಲ್ಟಿಮೋರಿಗೆ ಹೋಗಿ ಆ ಕಾಲದ ಅತಿ ದೊಡ್ಡ ಕ್ವಾರ್ಟರ್‌ಬ್ಯಾಕ್ (ಬಾಲ್ ಎಸೆದು ಆಟ ನಡೆಸೋನು) ಆದ. ಇಷ್ಟೆಲ್ಲಾ ಆದ್ರೂ ಜನ ಟೀಮ್ ಬಿಡಲಿಲ್ಲ. ಅದು ಮುಖ್ಯ ನಂಗೆ. ಗೆಲ್ಲದೇ ಇದ್ದಾಗಲೂ ಆ ಗುರುತು ಇವರ ಪಾಲಿಗೆ ಇವರದ್ದೇ ಆಗಿತ್ತು.

1969ರಲ್ಲಿ ಚಕ್ ನೋಲ್ ಕೋಚ್ ಆಗಿ ಬಂದ್ರು. ಮೊದಲ ವರ್ಷ ಒಂದು ಗೆಲುವು, 13 ಸೋಲು. ಈಗಿನ ಕಾಲ ಆಗಿದ್ರೆ ಕಿತ್ತುಹಾಕೋರು, ರೂನಿ ಮನೆಯೋರು ಹಾಗೆ ಮಾಡಲಿಲ್ಲ. ನೋಲ್ ಒಂದೊಂದೇ ಆಟಗಾರನ್ನ ಆರಿಸಿ ತಂದ್ರು, ಜೋ ಗ್ರೀನ್, ಟೆರ್ರಿ ಬ್ರ್ಯಾಡ್‌ಶಾ, ಮೆಲ್ ಬ್ಲೌಂಟ್, ಜ್ಯಾಕ್ ಹ್ಯಾಮ್, ಫ್ರಾಂಕೊ ಹ್ಯಾರಿಸ್. 1974ರ ಡ್ರಾಫ್ಟ್ ಒಂದರಲ್ಲೇ ಲಿನ್ ಸ್ವಾನ್, ಜ್ಯಾಕ್ ಲ್ಯಾಂಬರ್ಟ್, ಜಾನ್ ಸ್ಟಾಲ್‌ವರ್ತ್, ಮೈಕ್ ವೆಬ್‌ಸ್ಟರ್ ನಾಲ್ಕೂ ಜನ ಸಿಕ್ಕಿದ್ರು, ನಾಲ್ಕೂ ಜನ ಹಾಲ್ ಆಫ್ ಫೇಮ್‌ಗೆ (ಶ್ರೇಷ್ಠ ಆಟಗಾರರ ಗೌರವ ಪಟ್ಟಿ) ಹೋದ್ರು. ಒಂದೇ ವರ್ಷ ಅಷ್ಟು ಜನರನ್ನ ಆರಿಸೋದು ಅಂದ್ರೆ ತಮಾಷೆ ಅಲ್ಲ.

ಮಧ್ಯದಲ್ಲಿ 1972ರ ಡಿಸೆಂಬರ್ 23 ಬರುತ್ತೆ. ಓಕ್ಲೆಂಡ್ ರೈಡರ್ಸ್ ಮೇಲೆ ಪ್ಲೇಆಫ್, ಸ್ಟೀಲರ್ಸ್ 6-7 ಹಿಂದೆ, ಉಳಿದಿರೋದು 22 ಸೆಕೆಂಡ್, ನಾಲ್ಕನೇ ಡೌನ್, ಅಂದ್ರೆ ಕೊನೇ ಪ್ರಯತ್ನ. ಬ್ರ್ಯಾಡ್‌ಶಾ ಎಸೆದ ಬಾಲು ಫ್ರೆಂಚಿ ಫುಕ್ವಾ ಮತ್ತೆ ರೈಡರ್ಸ್‌ನ ಜ್ಯಾಕ್ ಟೇಟಮ್ ಡಿಕ್ಕಿ ಹೊಡೆದ ಕಡೆಯಿಂದ ಪುಟಿದು ಹಿಂದಕ್ಕೆ ಹಾರಿತು, ನೆಲಕ್ಕೆ ಬೀಳೋ ಹೊತ್ತಿಗೆ ಫ್ರಾಂಕೊ ಹ್ಯಾರಿಸ್ ಎತ್ತಿಕೊಂಡು ಓಡಿದೋರು ಎಂಡ್ ಝೋನ್ ತನಕ ನಿಲ್ಲಲೇ ಇಲ್ಲ, 13-7. ಟೀಮಿನ ಚರಿತ್ರೆಯಲ್ಲೇ ಮೊದಲ ಪ್ಲೇಆಫ್ ಗೆಲುವು ಅದು. ಇಮ್ಯಾಕ್ಯುಲೇಟ್ ರಿಸೆಪ್ಷನ್ ಅಂತ ಹೆಸರಾಯ್ತು. 2022ರ ಡಿಸೆಂಬರ್‌ನಲ್ಲಿ ಅದಕ್ಕೆ ಐವತ್ತು ವರ್ಷ ತುಂಬೋಕೆ ಎರಡು ಮೂರು ದಿನ ಇರುವಾಗ ಫ್ರಾಂಕೊ ತೀರಿಕೊಂಡ್ರು, ಅವರ 32ನೇ ನಂಬರ್ ಜರ್ಸಿಯನ್ನ ಇನ್ನು ಯಾರಿಗೂ ಕೊಡಲ್ಲ ಅಂತ ಘೋಷಿಸೋ ಸಮಾರಂಭಕ್ಕೆ ಅವರೇ ಇರಲಿಲ್ಲ. ಆ ದಿನ ಇಲ್ಲಿ ಚಳಿ ಕೊರೀತಿತ್ತು, ಆದ್ರೂ ಜನ ತುಂಬಿದ್ರು.

ಹುಬ್ಳಿ_ಮಂದಿ

ಮೊದಲನೇ ಕಪ್ಪಿನ ಕಥಿ ನಾ ಹೇಳ್ತೀನ್ರಿ, ಅದು ನನಗ ಭಾಳ ಸೇರಿದ್ದು. 1975ರ ಜನವರಿ 12, ನ್ಯೂ ಆರ್ಲಿಯನ್ಸ್‌ನಾಗ, ಮಿನ್ನೆಸೋಟಾ ವೈಕಿಂಗ್ಸ್ ಮ್ಯಾಲೆ. ಡ್ವೈಟ್ ವೈಟ್ ಅನ್ನೋ ಆಟಗಾರಗ ನ್ಯುಮೋನಿಯಾ ಆಗಿ ಆ ವಾರ ದವಾಖಾನಿಯೊಳಗ ಮಲಗಿದ್ದ. ಮ್ಯಾಚಿನ ದಿನ ಎದ್ದು ಬಂದು ಆಡಿದ, ಆಡೋದಷ್ಟ ಅಲ್ಲ, ಫ್ರಾನ್ ಟಾರ್ಕೆಂಟನ್‌ನ್ನ ಅವನ ಎಂಡ್ ಝೋನಿನೊಳಗ ಹಿಡದು ಸೇಫ್ಟಿ ಮಾಡಿದ, ಅದಕ್ಕ ಎರಡು ಪಾಯಿಂಟ್. ಅರ್ಧ ಮ್ಯಾಚಿಗೆ ಸ್ಕೋರ್ ಎಷ್ಟಂದ್ರ 2-0! ಇಡೀ ಮ್ಯಾಚಿನಾಗ ವೈಕಿಂಗ್ಸ್ ಓಡಿ ಗಳಿಸಿದ್ದು 17 ಯಾರ್ಡ್, ಫ್ರಾಂಕೊ ಒಬ್ಬನ 158 ಯಾರ್ಡ್. 16-6ಕ್ಕ ಗೆದ್ರು.

ಅದ ಟೀಮಿನಾಗ ರಾಕಿ ಬ್ಲೈಯರ್ ಅಂತ ಇದ್ದ. 1969ರಾಗ ವಿಯೆಟ್ನಾಂ ಯುದ್ಧದಾಗ ತೊಡಿಗೆ ಗುಂಡು ಬಿದ್ದಿತ್ತು, ಗ್ರೆನೇಡ್ ಸಿಡದು ಕಾಲಿಗೂ ಪೆಟ್ಟಾಗಿತ್ತು. ಅಂಥಾವ ತಿರುಗಿ ಬಂದು ನಾಕು ಸೂಪರ್ ಬೌಲ್ ಗೆದ್ದ ಟೀಮಿನಾಗ ಆಡ್ಯಾನ. ಕಪ್ ತಗೊಂಡಾಗ ಆರ್ಟ್ ರೂನಿಗೆ ವಯಸ್ಸಾಗಿತ್ತು, ಟೀಮ್ ಕಟ್ಟಿ ನಾಕು ದಶಕ ಆಗಿತ್ತು. ಆ ಹಳೇ ಫೋಟೋ ನೋಡಿದ್ರ ನನಗ ಈಗೂ ಕಣ್ಣಾಗ ನೀರು ಬರ್ತಾವ್ರಿ.

ಸಿಯಾಟಲ್_ಕನ್ನಡತಿ

ನಾಲ್ಕು ಕಪ್ಪಿನ ಬಗ್ಗೆ ನಂಗೂ ಗೌರವ ಇದೆ. ಆದ್ರೆ ಐದನೇದರ ಬಗ್ಗೆ ಯಾರೂ ಮಾತಾಡ್ತಿಲ್ವಲ್ಲ. 2006ರ ಫೆಬ್ರವರಿ, ಡೆಟ್ರಾಯ್ಟ್, 40ನೇ ಸೂಪರ್ ಬೌಲ್, ನಮ್ಮ ಸೀಹಾಕ್ಸ್ 21-10ಕ್ಕೆ ಸೋತಿದ್ದು. ಅಂಪೈರಿಂಗ್ ಅವತ್ತು ಸರಿ ಇರಲಿಲ್ಲ, ಇದು ನಾನು ಸುಮ್ನೆ ಹೇಳ್ತಿರೋದಲ್ಲ, ಆ ಮ್ಯಾಚಿನ ರೆಫ್ರೀ ಬಿಲ್ ಲೀವಿ ಅವರೇ 2010ರಲ್ಲಿ ನಾಲ್ಕನೇ ಕ್ವಾರ್ಟರಲ್ಲಿ ತಪ್ಪು ನಿರ್ಧಾರ ಕೊಟ್ಟೆ ಅಂತ ಒಪ್ಪಿಕೊಂಡ್ರು. ಚರಿತ್ರೆ ಬರೆಯೋವಾಗ ಇದನ್ನೂ ಬರೀಬೇಕು ಅಂತ ನನ್ನ ಕೋರಿಕೆ.

ಮೂರು_ನದಿ_ಊರು

ಬರೀಲೇಬೇಕು ಮೇಡಂ, ನಿಮ್ಮ ಕಡೆ ನೋವು ನಿಜವಾದದ್ದೇ. ಆದ್ರೆ ಅದೇ ಮ್ಯಾಚಲ್ಲಿ ವಿಲ್ಲಿ ಪಾರ್ಕರ್ 75 ಯಾರ್ಡ್ ಓಡಿದ್ದು, ರ್‍ಯಾಂಡಲ್ ಎಲ್ ಎಸೆದ ಬಾಲನ್ನ ಹೈನ್ಸ್ ವಾರ್ಡ್ ಹಿಡಿದು 43 ಯಾರ್ಡ್ ಟಚ್‌ಡೌನ್ ಮಾಡಿದ್ದು, ಇವಕ್ಕೂ ರೆಫ್ರೀಗೂ ಸಂಬಂಧ ಇಲ್ಲ. ಆರನೇ ಸೀಡ್ (ತಮ್ಮ ಗುಂಪಿಂದ ಅರ್ಹತೆ ಪಡೆದೋರಲ್ಲಿ ಕೊನೇ ಸ್ಥಾನ) ಆಗಿ ಪ್ಲೇಆಫ್‌ಗೆ ಬಂದು ಸೂಪರ್ ಬೌಲ್ ಗೆದ್ದ ಮೊದಲ ಟೀಮ್ ಅದು. ಜೆರೋಮ್ ಬೆಟಿಸ್ ತನ್ನ ಹುಟ್ಟೂರಲ್ಲೇ ಕೊನೇ ಮ್ಯಾಚ್ ಆಡಿ ಕಪ್ ಹಿಡಿದು ನಿವೃತ್ತಿ ಆದ್ರು. 1980ರಲ್ಲಿ ನಾಲ್ಕನೇದು ಗೆದ್ದಾಗಲೇ ಜೋ ಗ್ರೀನ್ ನಾಲ್ಕು ಬೆರಳಿಗೆ ಉಂಗುರ ಆಯ್ತು (ಕಪ್ ಗೆದ್ದೋರಿಗೆ ಉಂಗುರ ಕೊಡ್ತಾರೆ), ಹೆಬ್ಬೆರಳಿಗೊಂದು ಬೇಕು ಅನ್ನೋ ಮಾತು ಶುರು ಮಾಡಿದ್ರು, ಆ ಹೆಬ್ಬೆರಳಿಗೆ 26 ವರ್ಷ ಕಾಯ್ಬೇಕಾಯ್ತು.

ಪೇಟ್ರಿಯಟ್ಸ್‌ದೂ ಆರು ಅಂತ ಯಾರಾದ್ರೂ ಹೇಳೇ ಹೇಳ್ತಾರೆ, ಅದಕ್ಕೆ ಈಗಲೇ ಹೇಳಿಬಿಡ್ತೀನಿ. ಅವರ ಆರೂ ಒಬ್ಬ ಕೋಚ್, ಒಬ್ಬ ಕ್ವಾರ್ಟರ್‌ಬ್ಯಾಕ್ ಜೋಡಿದು, ಬೆಲಿಚಿಕ್ ಮತ್ತೆ ಬ್ರೇಡಿ. ಅದೂ ದೊಡ್ಡ ಸಾಧನೆನೇ. ಸ್ಟೀಲರ್ಸ್‌ದು ನೋಲ್ ನಾಲ್ಕು, ಬಿಲ್ ಕೌವರ್ ಒಂದು, ಮೈಕ್ ಟಾಮ್ಲಿನ್ ಒಂದು. 1969ರಿಂದ ಆರನೇ ಕಪ್ ತನಕ ನಲವತ್ತು ವರ್ಷಕ್ಕೆ ಮೂರೇ ಜನ ಕೋಚು. ಮನುಷ್ಯರು ಬದಲಾದ್ರೂ ಪದ್ಧತಿ ಉಳೀತು, ನಂಗೆ ಇದು ಹೆಚ್ಚು ಅನಿಸುತ್ತೆ.

ಪೆನ್‌ಹಿಲ್ಸ್_ಅಜ್ಜಿ

ಎಲ್ಲರದ್ದೂ ಓದಿದೆ ಕಣ್ರಪ್ಪಾ. ನಾವು ಈ ಊರಿಗೆ ಬಂದಾಗ ಇಲ್ಲಿ ಪೆನ್ ಹಿಲ್ಸ್ ಗುಡ್ಡದ ಮೇಲೆ ವೆಂಕಟೇಶ್ವರ ದೇವಸ್ಥಾನ ಆಗತಾನೇ ಎದ್ದಿತ್ತು, ದೂರ ದೂರದ ಊರಿಂದ ನಮ್ಮ ಜನ ಕಾರಲ್ಲಿ ಬರೋರು. ಅದೇ ಕಾಲಕ್ಕೆ ಸ್ಟೀಲರ್ಸ್ ಗೆಲ್ತಾ ಇದ್ದಿದ್ದು. ನಮ್ಮನೆಯವರಿಗೆ ಮೊದಲು ಆಟ ಗೊತ್ತಿರಲಿಲ್ಲ, ಪಕ್ಕದ ಮನೆಯೋರು ಮಿಲ್ಲಲ್ಲಿ ಕೆಲಸ ಮಾಡೋರು, ಅವರೇ ಕರೆದು ಕೂರಿಸಿಕೊಂಡು ಹೇಳಿಕೊಟ್ಟಿದ್ದು.

ಮುಂದೆ 80ರಲ್ಲಿ ಒಂದೊಂದೇ ಮಿಲ್ಲು ಮುಚ್ಚಿಕೊಂಡು ಹೋದವು ಮಗಾ. ಹೋಮ್‌ಸ್ಟೆಡ್ ಮಿಲ್ಲು 1892ರಲ್ಲಿ ದೊಡ್ಡ ಮುಷ್ಕರ ಆಗಿದ್ದ ಜಾಗ, ಪಿಂಕರ್ಟನ್ ಅನ್ನೋ ಕಂಪನಿಯ ಕಾವಲುಗಾರರಿಗೂ ಕೆಲಸಗಾರರಿಗೂ ಹೊಡೆದಾಟ ಆಗಿ ಜೀವ ಹೋಗಿತ್ತು. ಅದೂ 1986ರಲ್ಲಿ ಮುಚ್ಚಿತು. ಈಗ ಅಲ್ಲಿ ಅಂಗಡಿ, ಸಿನಿಮಾ, ಹೋಟೆಲು, ಹಳೇ ಚಿಮಣಿ ಸಾಲು ಮಾತ್ರ ಬಿಟ್ಟಿದ್ದಾರೆ. ಪಕ್ಕದ ಮನೆಯೋರೂ ಕೆಲಸ ಹುಡುಕಿಕೊಂಡು ಮಕ್ಕಳನ್ನ ಕಟ್ಟಿಕೊಂಡು ದಕ್ಷಿಣದ ಕಡೆ ಹೋದ್ರು. ಹಾಗೆ ಎಷ್ಟು ಸಂಸಾರ ಹೋಯ್ತೋ! ಸ್ಟೀಲರ್ಸ್ ಬೇರೆ ಯಾವ ಊರಲ್ಲಿ ಆಡಿದ್ರೂ ಅಲ್ಲಿ ಅಷ್ಟೊಂದು ಜನ ಹಳದಿ ಟವಲ್ ಬೀಸ್ತಾರಲ್ಲ, ಅವರಲ್ಲಿ ಎಷ್ಟೋ ಜನ ಹೀಗೆ ಊರು ಬಿಟ್ಟು ಹೋದೋರ ಮಕ್ಕಳು ಮೊಮ್ಮಕ್ಕಳು ಕಣಪ್ಪ.

ಆ ಟವಲ್ ಬಗ್ಗೆ ಯಾರೂ ಬರೀಲಿಲ್ಲ. ಟೆರಿಬಲ್ ಟವಲ್ ಅಂತಾರೆ, 1975ರಲ್ಲಿ ರೇಡಿಯೋದಲ್ಲಿ ಕಾಮೆಂಟರಿ ಹೇಳ್ತಿದ್ದ ಮೈರನ್ ಕೋಪ್ ಶುರು ಮಾಡಿಸಿದ್ದು. 1996ರಲ್ಲಿ ಅದರ ಹಕ್ಕನ್ನೇ ಅಲೆಘೆನಿ ವ್ಯಾಲಿ ಸ್ಕೂಲಿಗೆ ಬರೆದುಕೊಟ್ರು, ಬುದ್ಧಿ ಬೆಳವಣಿಗೆ ಕಮ್ಮಿ ಇರೋ ಮಕ್ಕಳು ದೊಡ್ಡವರನ್ನ ನೋಡ್ಕೊಳ್ಳೋ ಸಂಸ್ಥೆ ಅದು, ಅವರ ಮಗನೂ ಅಲ್ಲಿದ್ದ. ಟವಲ್ ಮಾರಿದ ದುಡ್ಡು ಇವತ್ತಿಗೂ ಆ ಸಂಸ್ಥೆಗೆ ಹೋಗುತ್ತೆ. ಹೆಲ್ಮೆಟ್ ಗುರುತಿನಷ್ಟೇ ದೊಡ್ಡದು ನನಗೆ ಅದು. ಕಪ್ಪು ಹಳದಿ ಬಣ್ಣ ಬಂದಿದ್ದು ಊರಿನ ಬಾವುಟದಿಂದ, ವಿಲಿಯಂ ಪಿಟ್ ಅವರ ಮನೆತನದ ಲಾಂಛನದ ಬಣ್ಣ. ಬೇಸ್‌ಬಾಲ್‌ನ ಪೈರೇಟ್ಸ್, ಐಸ್ ಹಾಕಿಯ ಪೆಂಗ್ವಿನ್ಸ್, ಇವರು, ಮೂರೂ ಟೀಮಿಗೆ ಒಂದೇ ಬಣ್ಣ.

ಕಡಲ_ತಡಿ

ಅಜ್ಜಿ, ನಮಸ್ಕಾರ. ಡಲ್ಲಾಸಲ್ಲಿ ಸ್ಟೀಲರ್ಸ್ ಮ್ಯಾಚ್ ಇದ್ದಾಗ ಸ್ಟೇಡಿಯಂ ಅರ್ಧ ಹಳದಿ ಆಗುವುದು ನಾನೇ ನೋಡಿದ್ದೇನೆ, ಕಾರಣ ಇವತ್ತು ಗೊತ್ತಾಯ್ತು.

ಒಂದು ಪ್ರಶ್ನೆ ಉಂಟು. ಮಿಲ್ಲುಗಳೇ ಹೋದ ಮೇಲೆ ಆ ಗುರುತನ್ನು ಬದಲಾಯಿಸುವ ಮಾತು ಬರಲಿಲ್ವಾ? ಬೇರೆ ಟೀಮುಗಳು ಹತ್ತು ವರ್ಷಕ್ಕೊಮ್ಮೆ ಹೊಸದು ಮಾಡ್ತಾವೆ.

ಮೂರು_ನದಿ_ಊರು

ಹೆಲ್ಮೆಟ್ಟಿಗೆ ಕೈ ಹಾಕಿಲ್ಲ ಸಾರ್. 1997ರಲ್ಲಿ ಜರ್ಸಿ ಮೇಲಿನ ನಂಬರನ್ನ ಹೆಲ್ಮೆಟ್ ನಂಬರಿನ ಥರ ದುಂಡಗೆ ಮಾಡಿದ್ರು, ಎದೆಯ ಎಡಭಾಗಕ್ಕೆ ಲೋಗೋ ಸೇರಿಸಿದ್ರು. ಹಳೇ ಚೌಕಟ್ಟಿನ ನಂಬರ್ ಇಷ್ಟಪಡೋರು ಈಗಲೂ ಇದಾರೆ, ನಾನೂ ಅವರಲ್ಲಿ ಒಬ್ಬ, 70ರ ದಶಕದ ಜರ್ಸಿ ಅಂದ ಬೇರೇನೇ. 2012ರಲ್ಲಿ 1934ರ ಕಾಲದ ಅಡ್ಡ ಪಟ್ಟೆ ಜರ್ಸಿ ತಂದ್ರು, ಜೇನುಹುಳದ ಬಣ್ಣ ಅಂತ ಜನ ಕರೆದ್ರು, ನಂಗೆ ಹಿಡಿಸಲಿಲ್ಲ. ಎರಡೂ ಕಡೆ ಲೋಗೋ ಹಾಕಿ ಅಂತ ಯಾರಾದ್ರೂ ಹೇಳಿದ್ರೆ ನಾನಂತೂ ಒಪ್ಪಲ್ಲ. ಆ ಖಾಲಿ ಬದಿ ಇರೋದ್ರಿಂದಲೇ ಹೊಸಬರು ಯಾಕೆ ಅಂತ ಕೇಳ್ತಾರೆ, ಕೇಳಿದಾಗ ಕುಲುಮೆ, ಅದಿರು, ಜ್ಯಾಕ್ ಹಾರ್ಟ್, 1962 ಎಲ್ಲಾ ಮತ್ತೆ ಹೇಳೋಕೆ ಆಗುತ್ತೆ.

ಇನ್ನೊಂದು ಬರೀದೇ ಇದ್ರೆ ಸಮಾಧಾನ ಇಲ್ಲ. ಕಪ್ ಗೆಲ್ಲದ 1976ರ ಟೀಮು. ಮೊದಲ ಐದರಲ್ಲಿ ನಾಲ್ಕು ಸೋಲು, ಬ್ರ್ಯಾಡ್‌ಶಾಗೆ ಪೆಟ್ಟು. ಆಮೇಲೆ ಉಳಿದ ಒಂಬತ್ತೂ ಗೆದ್ರು, ಒಂಬತ್ತು ಮ್ಯಾಚ್ ಸೇರಿ ಎದುರಾಳಿಗಳಿಗೆ ಬಿಟ್ಟುಕೊಟ್ಟಿದ್ದು ಬರೀ 28 ಪಾಯಿಂಟು, ಐದು ಮ್ಯಾಚಲ್ಲಿ ಸೊನ್ನೆ. ಸೆಮಿಫೈನಲ್ ಹೊತ್ತಿಗೆ ಫ್ರಾಂಕೊ, ಬ್ಲೈಯರ್ ಇಬ್ಬರೂ ಗಾಯ ಆಗಿ ಹೊರಗೆ, ರೈಡರ್ಸ್ ಗೆದ್ರು. ಇವರ ಚರಿತ್ರೆಲೇ ಅದಕ್ಕಿಂತ ಗಟ್ಟಿ ಡಿಫೆನ್ಸ್ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ, ಟ್ರೋಫಿ ಕಪಾಟಲ್ಲಿ ಅದಕ್ಕೆ ಜಾಗ ಇಲ್ಲ ಅಷ್ಟೇ.

ಕೊಪ್ಪದ_ಹುಡುಗ

ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಅಜ್ಜಿಗೆ ವಿಶೇಷವಾಗಿ. ಹಳೇ ಮ್ಯಾಚ್ ಒಂದನ್ನ ಪೂರ್ತಿ ಕೂತು ನೋಡ್ಬೇಕು ಅಂತಿದೀನಿ, ಯಾವುದರಿಂದ ಶುರು ಮಾಡಲಿ?

ಹುಬ್ಳಿ_ಮಂದಿ

43ನೇ ಸೂಪರ್ ಬೌಲ್ ನೋಡ್ರಿ, 2009ರ ಫೆಬ್ರವರಿ 1, ಟ್ಯಾಂಪಾದಾಗ ಆದದ್ದು, ಅರಿಜೋನಾ ಕಾರ್ಡಿನಲ್ಸ್ ಮ್ಯಾಲೆ 27-23. ಮೊದಲನೇ ಅರ್ಧ ಮುಗಿಯೋ ಹೊತ್ತಿಗೆ ಜೇಮ್ಸ್ ಹ್ಯಾರಿಸನ್ ತನ್ನ ಗೋಲ್ ಲೈನಿನ ಮ್ಯಾಲೆ ಬಾಲ್ ಹಿಡದು ನೂರು ಯಾರ್ಡ್ ಓಡ್ತಾನ, ಅಷ್ಟು ದಪ್ಪ ಮನಷ್ಯಾ! ಕಡೀಕ 35 ಸೆಕೆಂಡ್ ಇದ್ದಾಗ ರಾತ್‌ಲಿಸ್‌ಬರ್ಗರ್ ಎಸೆದದ್ದನ್ನ ಸಾಂಟೋನಿಯೊ ಹೋಮ್ಸ್ ಮೂಲ್ಯಾಗ ಎರಡೂ ಕಾಲ್ಬೆರಳು ನೆಲಕ್ಕ ತಾಗಿಸಿ ಹಿಡೀತಾನ. ಹೊಸಬರಿಗೆ ಅದ ಚೊಲೋ.

ಕಡಲ_ತಡಿ

ಅದು ನೋಡಿ, ಆದರೆ ಅದರ ನಂತರ 13ನೇದನ್ನೂ ನೋಡಬೇಕು. ನಾನು ಸೋತ ಕಡೆಯವ, ಆದರೂ ಹೇಳ್ತೇನೆ, ಬ್ರ್ಯಾಡ್‌ಶಾ ಅವತ್ತು 318 ಯಾರ್ಡ್, ನಾಲ್ಕು ಟಚ್‌ಡೌನ್ ಎಸೆದದ್ದು, ನಮ್ಮ ರೋಜರ್ ಸ್ಟಾಬಾಕ್ ಕೊನೆಗೆ ಎರಡು ಟಚ್‌ಡೌನ್ ಹಾಕಿ ಹತ್ತಿರ ತಂದದ್ದು, ಎರಡೂ ಕಡೆ ಅಷ್ಟು ಹಾಲ್ ಆಫ್ ಫೇಮ್ ಆಟಗಾರರು ಒಂದೇ ಮೈದಾನದಲ್ಲಿ ಇದ್ದ ಮ್ಯಾಚು ಸಿಗುವುದು ಕಷ್ಟ.